ಮುತ್ಯಾನ ಮೊಣಕಾಲು

ಸಗರದ ನಮ್ಮ ಸಣ್ಣ ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಮಾಡುತ್ತಿದ್ದವನು ನನ್ನ ಅಜ್ಜ, ನಮ್ಮ ಬಾಯಲ್ಲಿ ಮುತ್ಯಾ. ಅವನು ತೀರಿಕೊಂಡ ಮೇಲೆ ಆ ಕೆಲಸ ನನ್ನದೆಂದು ಸಭೆಯವರೇ ತೀರ್ಮಾನಿಸಿಬಿಟ್ಟರು. ನನ್ನನ್ನು ಒಬ್ಬರೂ ಕೇಳಲಿಲ್ಲ.

ಮೊದಲ ಭಾನುವಾರ ಎದ್ದು ನಿಂತು ಕಣ್ಣು ಮುಚ್ಚಿದೆ. ನನ್ನದೆನ್ನುವ ಒಂದು ಮಾತೂ ಬರಲಿಲ್ಲ. ಚಿಕ್ಕಂದಿನಿಂದ ದಿನಾ ಬೆಳಿಗ್ಗೆ ಕೇಳಿದ್ದ ಮುತ್ಯಾನ ಪ್ರಾರ್ಥನೆಯೇ ಬಾಯಿಂದ ಹೊರಟಿತು. ಊರಿಗಾಗಿ, ರೋಗಿಗಳಿಗಾಗಿ, ಬಸುರಿಯರಿಗಾಗಿ ಬೇಡಿ, ಕೊನೆಗೆ ಅವನ ಹಾಗೆಯೇ, "ನನ್ನ ಮೊಣಕಾಲು ನೋವು ತೆಗಿಯಪ್ಪಾ ತಂದೀ" ಎಂದೆ. ಎಲ್ಲರೂ ಆಮೆನ್ ಎಂದರು. ನನ್ನ ಮೊಣಕಾಲು ಗಟ್ಟಿಮುಟ್ಟಾಗಿತ್ತು.

ಹೊರಗೆ ಒಬ್ಬ ಮುದುಕಿ ನನ್ನ ಕೈ ಹಿಡಿದು ಅತ್ತಳು. "ಥೇಟ್ ನಿಮ್ಮ ಮುತ್ಯಾನೇ ಬಂದು ನಿಂತಂಗಾತು ನೋಡಪ್ಪಾ. ಒಂದು ಮಾತೂ ಬಿಡಬ್ಯಾಡ."

ಹನ್ನೊಂದು ವರ್ಷವಾಯಿತು, ಬಿಟ್ಟಿಲ್ಲ. ಎಲ್ಲರೂ ಜಮಖಾನೆಯ ಮೇಲೆ ಮೊಣಕಾಲೂರುವಾಗ ನನಗೊಬ್ಬನಿಗೆ ಕುರ್ಚಿ ಹಾಕುತ್ತಾರೆ. ಬೇಡವೆಂದರೆ, "ನೋವು ಐತಿ, ಕೂಡ್ರಿ" ಎಂದು ಭುಜ ಹಿಡಿದು ಕೂರಿಸುತ್ತಾರೆ.

ಮಗಳು ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷ. ಅಂಥದ್ದನ್ನು ದೇವರ ಮುಂದೆ ಹೇಗೆ ಹೇಳಬೇಕೆಂಬುದು ಮುತ್ಯಾನ ಪ್ರಾರ್ಥನೆಯಲ್ಲಿಲ್ಲ. ಹೋದ ಭಾನುವಾರ ಹೇಳಿಯೇ ತೀರುತ್ತೇನೆಂದು ಬಾಯಿ ತೆರೆದೆ.

ಮೊಣಕಾಲಿಗಾಗಿ ಬೇಡಿಕೊಂಡೆ.