ಆಟಿಗೆ ಕರೆದ ಮಗಳು

ನನಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಬದುಕಿದ್ದಾಳೆ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ನಾನು ಎರಡು ಎಂದೇ ಹೇಳುವುದು. ಇನ್ನೊಬ್ಬಳು ಎಲ್ಲಿ ಎಂದು ಅವರು ಅತ್ತಿತ್ತ ನೋಡಿದರೆ ಅದು ಅವರ ಹಣೆಬರಹ.

ದೊಡ್ಡವಳು ಹುಟ್ಟಿದ್ದು ಹೊಸಂಗಡಿಯಿಂದ ಒಳಗೆ, ಗದ್ದೆ ದಾಟಿ ಹೋಗುವ ನನ್ನ ತಾಯಿಯ ಮನೆಯಲ್ಲಿ. ನಾನು ಮದುವೆಯಾದ ಮೇಲೂ ಅಲ್ಲೇ ಇದ್ದವಳು. ನಮ್ಮ ತುಳುವರಲ್ಲಿ ಸಂತಾನ ಹೆಣ್ಣಿನ ಕಡೆಯಿಂದ ನಡೆಯುವುದರಿಂದ ಅದನ್ನು ಯಾರೂ ವಿಚಿತ್ರವೆಂದು ತಿಳಿಯುತ್ತಿರಲಿಲ್ಲ. ಗಂಡನೂ ಬಂದು ನಮ್ಮ ಗದ್ದೆಯನ್ನೇ ನೋಡಿಕೊಳ್ಳುತ್ತಿದ್ದರು. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಅದು ಹೋಯಿತು. ಜ್ವರವಿಲ್ಲ, ಕೆಮ್ಮಿಲ್ಲ. ಬೆಳಿಗ್ಗೆ ಹಾಲು ಕುಡಿದಿತ್ತು. ಒಲೆಯ ಮೇಲೆ ಗಂಜಿ ಇಟ್ಟು ಬರುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಎತ್ತಿಕೊಂಡವಳು ನಾನೇ. ಆ ತಣ್ಣಗಿನ ಭಾರ ಈಗಲೂ ನನ್ನ ಎಡಗೈಯಲ್ಲಿ ಇದೆ.

ನಮ್ಮಲ್ಲಿ ಸತ್ತವರನ್ನು ಕುಲೆ ಎನ್ನುತ್ತಾರೆ. ಕುಲೆಗಳಾದ ಮಕ್ಕಳು ಸತ್ತ ವಯಸ್ಸಿಗೇ ನಿಂತುಬಿಡುವುದಿಲ್ಲ, ಅಲ್ಲಿಯೂ ಬೆಳೆಯುತ್ತವೆ ಎಂಬುದು ನಂಬಿಕೆ. ದೀಪಾವಳಿಯ ಪರ್ಬಕ್ಕೆ ನಾವು ಗೋಡೆಗೆ ಬಿಳಿ ಜೇಡಿ ಬಳಿದು, ಸೆಗಣಿಗೆ ಕರಿ ಕಲಸಿ ನೆಲ ಸಾರಿಸಿ, ಒಳಕೋಣೆಯಲ್ಲಿ ಹಿರಿಯರಿಗೆಲ್ಲ ಬಾಳೆಲೆ ಹಾಕಿ ಬಡಿಸಿ ಬಾಗಿಲು ಮುಚ್ಚುತ್ತಿದ್ದೆವು. ಅವರು ಉಂಡ ಮೇಲೆ ಬಾಗಿಲು ತಟ್ಟಿ ತೆರೆಯುವುದು, ಆಮೇಲೆ ನಮ್ಮ ಊಟ. ಮಗು ಹೋದ ವರ್ಷ ನಾನು ಅಜ್ಜಿಯ ಎಲೆಯ ಪಕ್ಕದಲ್ಲಿ ಒಂದು ಪುಟ್ಟ ಎಲೆ ಹಾಕಿದೆ.

"ಹಲ್ಲು ಬಾರದ್ದಕ್ಕೆ ಎಲೆ ಯಾಕೆ?" ಎಂದು ತಾಯಿ ಕೇಳಿದರು.

"ಹಲ್ಲು ಅಲ್ಲಿ ಬರ್ತದೆ" ಎಂದೆ.

ಹೀಗೆ ನಾನು ಅವಳನ್ನು ಎಲೆಯ ಮೇಲೆ ಬೆಳೆಸಿದೆ. ಮೊದಲ ವರ್ಷ ಹಾಲಿನಲ್ಲಿ ಕಿವುಚಿದ ಅನ್ನ, ಆಮೇಲೆ ಎಲೆಯಲ್ಲಿ ಬೇಯಿಸಿದ ಬೆಲ್ಲದ ಗಟ್ಟಿ, ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಖಾರ ಹಾಕುವ ಮೊದಲೇ ತೆಗೆದಿಟ್ಟ ಕೋಳಿ ಸಾರು. "ಕುಲೆಗೆ ಖಾರ ಹಿಡಿಯುತ್ತದಾ ಮಾರಾಯ್ತಿ?" ಎಂದು ತಾಯಿ ನಗುತ್ತಿದ್ದರು. ಹಿಡಿಯುತ್ತದೋ ಇಲ್ಲವೋ, ಬಲ್ಲವರು ಯಾರು? ಅಷ್ಟರಲ್ಲಿ ಎರಡನೆಯವಳು ಹುಟ್ಟಿ ಮನೆಯೆಲ್ಲ ತುಂಬಿದ್ದಳು. ಹಬ್ಬಕ್ಕೆ ಎರಡು ಲಂಗ ಹೊಲಿಸುತ್ತಿದ್ದೆ. ದೊಡ್ಡದನ್ನು ಒಳಕೋಣೆಯ ಮಣೆಯ ಮೇಲೆ ಇಟ್ಟು, ಮರುದಿನ ತೆಗೆದು, ಚಿಕ್ಕವಳು ಬೆಳೆದ ಮೇಲೆ ಅವಳಿಗೇ ತೊಡಿಸುತ್ತಿದ್ದೆ. ಅಕ್ಕನ ಬಟ್ಟೆಯನ್ನು ತಂಗಿ ತೊಡುವುದು ಯಾರ ಮನೆಯಲ್ಲಿ ಇಲ್ಲ? ಯುದ್ಧದ ಕಾಲದಲ್ಲಿ ರೇಷನ್ ಅಕ್ಕಿಗೆ ಹುಳ ಬಿದ್ದಾಗಲೂ ಆ ಎಲೆ ತಪ್ಪಲಿಲ್ಲ.

ಚಿಕ್ಕವಳಿಗೆ ಮದುವೆಯ ಮಾತು ಶುರುವಾದಾಗ ತೊಂದರೆ ಬಂತು. ಬಂದ ಸಂಬಂಧವೆಲ್ಲ ಏನೂ ಕಾರಣವಿಲ್ಲದೆ ಮುರಿದು ಬೀಳುತ್ತಿತ್ತು. ಕೊನೆಗೆ ಜೋಯಿಸರಲ್ಲಿಗೆ ಹೋದೆವು. ಅವರು ಕವಡೆ ಸರಿಸಿ ನನ್ನನ್ನೇ ನೋಡಿದರು.

"ಅಕ್ಕನನ್ನು ಮನೆಯಲ್ಲಿ ಕೂರಿಸಿ ತಂಗಿಯನ್ನು ಕೊಡ್ಲಿಕ್ಕೆ ಹೊರಟಿದ್ದೀರಾ? ಅವಳು ಹೊಸಿಲಲ್ಲಿ ಅಡ್ಡ ನಿಂತಿದ್ದಾಳೆ."

ಗಂಡ ಹೆದರಿದರು. ನನಗೆ ಹೆದರಿಕೆಯಾಗಲಿಲ್ಲ, ಸಂಕಟವಾಯಿತು. ಪಾಪ, ವಯಸ್ಸಿಗೆ ಬಂದ ಹುಡುಗಿ, ನಾನು ಇನ್ನೂ ಖಾರವಿಲ್ಲದ ಸಾರು ಬಡಿಸುತ್ತಿದ್ದೆ.

ಕುಲೆಗೆ ಕುಲೆಯೇ ಗಂಡಾಗಬೇಕು. ನೆಂಟರಿಗೆಲ್ಲ ಹೇಳಿ ಹುಡುಕಿಸಿದೆವು. ಗುಡ್ಡದ ಆಚೆಯ ಒಂದು ಮನೆಯಲ್ಲಿ ಚಿಕ್ಕಂದಿನಲ್ಲೇ ವಿಷಮಜ್ವರದಿಂದ ಹೋದ ಮಗನಿದ್ದ. ವಯಸ್ಸು ಹೊಂದುತ್ತಿತ್ತು, ಗೋತ್ರದಂತೆ ನಾವು ನೋಡುವ ಬಳಿಯೂ ಬೇರೆ. ಒಂದೇ ಬಳಿಯವರಾದರೆ ಅಣ್ಣತಂಗಿಯಾಗಿಬಿಡುತ್ತಾರೆ, ಸತ್ತರೂ ಆ ಲೆಕ್ಕ ತಪ್ಪುವುದಿಲ್ಲ. ಹುಡುಗನ ತಾಯಿ ವಿಧವೆ, ಮಾತು ಕಡಿಮೆ. ನಮ್ಮ ಅಂಗಳಕ್ಕೆ ಬಂದು "ಹುಡುಗಿ ಹೇಗೆ?" ಎಂದು ಕೇಳಿದರು. "ಒಳ್ಳೆಯವಳು" ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಧಾರೆಗೆ ಸೀರೆ, ಬಳೆ, ಕರಿಮಣಿ ಎಲ್ಲ ತಂದೆವು. ರವಕೆ ಹೊಲಿಸಲು ಹೋದರೆ ಹೊಸಂಗಡಿಯ ದರ್ಜಿ ಅಳತೆ ಕೇಳಿದ. ನನ್ನ ಕೈಯಲ್ಲಿದ್ದ ಅಳತೆ ಎಂದರೆ ಮೊಣಕೈಯಿಂದ ಅಂಗೈಗೆ ಬರುವಷ್ಟು ಉದ್ದದ ಒಂದು ಮಗು. ಪಕ್ಕದಲ್ಲಿದ್ದ ಚಿಕ್ಕವಳು "ನನ್ನ ಅಳತೆಗೇ ಹೊಲಿಯಿರಿ" ಎಂದು ತೋಳು ಚಾಚಿದಳು.

ಮಣೆಯ ಮೇಲೆ ಒಂದು ಕಡೆ ಸೀರೆ, ಇನ್ನೊಂದು ಕಡೆ ವೇಷ್ಟಿ ಶಾಲು. ಗಂಡಿನ ಕಡೆಯ ಹಿರಿಯರು ಹುಡುಗಿಯ ಹೆಸರೇನೆಂದು ಕೇಳಿದರು. ನಾವು ಹೆಸರು ಇಟ್ಟಿರಲೇ ಇಲ್ಲ. ಹುಡುಗನ ತಾಯಿಯೇ ಒಂದು ಹೆಸರು ಹೇಳಿ, "ನಮ್ಮ ಮನೆಯಲ್ಲಿ ಹಾಗೆ ಕರೀತೇವೆ" ಎಂದರು. ಚೆಂದದ ಹೆಸರೇ. ಆದರೂ ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ಪಾಯಸದ ಊಟವಾಯಿತು, ನೆಂಟರು ಎಲೆಯಡಿಕೆ ಹಾಕಿ ನಗುತ್ತ ಹೋದರು. ಮದುವೆ ಎಂದರೆ ಮದುವೆ.

ಆ ವರ್ಷದ ಪರ್ಬಕ್ಕೆ ನಾನು ಎಲೆ ಹಾಕುತ್ತಿದ್ದಾಗ ತಾಯಿ ಅಜ್ಜಿಯ ಪಕ್ಕದ ಎಲೆಯನ್ನು ಮೆಲ್ಲಗೆ ಎಳೆದುಕೊಂಡರು. "ಅವಳ ಊಟ ಇನ್ನು ಆಚೆ ಮನೆಯಲ್ಲಿ. ಇಲ್ಲಿ ಹಾಕಿದರೆ ಅಲ್ಲಿಯವರಿಗೆ ಅವಮಾನ." ಅವರು ಹೇಳಿದ್ದು ಸರಿಯೇ. ನಾನು ಮಾತ್ರ ಬಾಗಿಲು ಮುಚ್ಚಿದ ಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಒಮ್ಮೆ ಸತ್ತದ್ದು ನನಗೆ ಹೇಗೋ ಸಹ್ಯವಾಗಿತ್ತು, ಮದುವೆ ಮಾಡಿ ಕಳಿಸಿದ್ದು ಆಗಲಿಲ್ಲ.

ಅಡ್ಡಿ ಹೋಗಿತ್ತೇನೋ, ಚಿಕ್ಕವಳ ಮದುವೆಯೂ ಬೇಗನೆ ಕೂಡಿಬಂತು. ಮುಂದಿನ ಮಳೆಗಾಲದ ಆಟಿ ತಿಂಗಳಿಗೆ ಅವಳು ಮನೆಗೆ ಬಂದಳು. ಹೊಸದಾಗಿ ಮದುವೆಯಾದವಳನ್ನು ಆಟಿಯಲ್ಲಿ ತಾಯಿಮನೆಗೆ ಕರೆತಂದು ಕೂರಿಸುವುದು ನಮ್ಮ ಕ್ರಮ. ಪತ್ರೊಡೆ, ಹಲಸಿನ ಬೀಜ, ತಜಂಕು ಸೊಪ್ಪಿನ ಪಲ್ಯ ಎಂದು ನಾನು ಅವಳಿಗೆ ತಿನ್ನಿಸಿದ್ದೇ ತಿನ್ನಿಸಿದ್ದು. ಅವಳು ಜಗಲಿಯಲ್ಲಿ ಕಾಲು ಚಾಚಿ ಕುಳಿತಿರುವುದನ್ನು ನೋಡುತ್ತ ಇದ್ದಕ್ಕಿದ್ದಂತೆ ಕೇಳಿದೆ, "ದೊಡ್ಡವಳಿಗೆ ಆಟಿ ಇಲ್ಲವಾ?"

"ಅಂಥವರಿಗೆಲ್ಲ ಆಟಿ ಎಂತ?" ಎಂದು ತಾಯಿ ಗದರಿದರು.

"ಮದುವೆ ಉಂಟು, ಆಟಿ ಇಲ್ಲ! ಯಾವ ನ್ಯಾಯ ಅದು?" ಎಂದು ನಾನೂ ಜಗಳ ಕಟ್ಟಿ, ಓಲೆಕೊಡೆ ತೆಗೆದುಕೊಂಡು ಗುಡ್ಡ ಹತ್ತಿದೆ.

ಬೀಗಿತ್ತಿ ನೀರು ಬೆಲ್ಲ ಕೊಟ್ಟು ಕೂರಿಸಿದರು. ನಾನು ಬಂದ ಕಾರಣ ಹೇಳುವ ಮೊದಲೇ ಸೊಸೆಯ ವಿಷಯ ತೆಗೆದರು. "ಮಧ್ಯಾಹ್ನ ಒಂದು ಗಳಿಗೆ ಮಲಗಿದರೆ ಕನಸಿಗೆ ಬರ್ತಾಳೆ. ರವಕೆಯ ತೋಳು ಬಿಗಿ ಅಂದಳು, ಬೇರೆ ಹೊಲಿಸಿ ಇಟ್ಟೆ. ನನಗಿಂತ ಎತ್ತರ. ಮೆಲ್ಲ ಮಾತಾಡ್ತಾಳೆ."

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಆಗ ತಿಳಿಯಿತು. ಅಷ್ಟು ವರ್ಷ ಎಲೆ ಹಾಕಿದರೂ ಅವಳು ನನ್ನ ಕನಸಿಗೆ ಒಮ್ಮೆಯೂ ಬಂದವಳಲ್ಲ. ನಾನು ಹೆತ್ತವಳು ಎತ್ತರವೋ ಗಿಡ್ಡವೋ ಎಂಬುದನ್ನು ಇನ್ನೊಬ್ಬರು ನನಗೆ ಹೇಳಬೇಕಾಯಿತು.

"ಆಟಿಗೆ ಕರ್ಕೊಂಡು ಹೋಗ್ತೇನೆ" ಎಂದೆ.

ಅವರು ಖಾಲಿ ಲೋಟ ಎತ್ತಿ ಪಕ್ಕಕ್ಕಿಟ್ಟರು. "ಮಗನಿಗೆ ಬೇಸರ ಆಗ್ತದೆ. ಆಟಿ ಮುಗಿದು ಸೋಣ ತಿಂಗಳು ಹುಟ್ಟುವಾಗ ಕಳಿಸಿ ಕೊಡ್ತೀರಲ್ಲ?"

"ತಂದು ಬಿಡ್ತೇನೆ."

ಕುಲೆಯನ್ನು ಕರೆದೊಯ್ಯುವುದೆಂದರೆ ಹೊಸಿಲಲ್ಲಿ ನಿಂತು ಕರೆದು, ಹಿಂದೆ ತಿರುಗದೆ, ಯಾರೊಡನೆಯೂ ಮಾತಾಡದೆ ನಡೆಯಬೇಕು. "ಮಗಾ, ಆಟಿ ಬಂತು, ಮನೆಗೆ ಬಾ" ಎಂದು ಕರೆದು ಹೊರಟೆ. ಆಟಿಯ ಮಳೆ ಬಿಟ್ಟು ಸುಡು ಬಿಸಿಲು ಬಿದ್ದಿತ್ತು. ಓಲೆಕೊಡೆಯನ್ನು ಹಿಂದಕ್ಕೆ ವಾಲಿಸಿ ಹಿಡಿದೆ, ಎತ್ತರದವಳಲ್ಲವೇ ಎಂದು ಸ್ವಲ್ಪ ಮೇಲಕ್ಕೇ ಹಿಡಿದೆ. ಗದ್ದೆಯಲ್ಲಿದ್ದವರು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೂ ಉತ್ತರ ಕೊಡಲಿಲ್ಲ. ಇವಳಿಗೆಂಥ ಸೊಕ್ಕು ಎಂದುಕೊಂಡಿರಬೇಕು. ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಯಾರೋ ಇರುವ ಹಾಗೆ ಆಗುತ್ತಿತ್ತು. ಹುಲ್ಲು ನನ್ನ ಕಾಲಿಗೆ ಒಮ್ಮೆ ಸರಿದು, ನನ್ನ ಹಿಂದೆ ಮತ್ತೊಮ್ಮೆ ಸರಿಯುವ ಸದ್ದಾಗುತ್ತಿತ್ತು. ಕತ್ತು ತಿರುಗಿಸದೆ ಇರುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಆ ಆಟಿಯಲ್ಲಿ ನನ್ನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ದಿನವೂ ಎಲೆ ಹಾಕಿದೆ, ಖಾರವಾಗಿಯೇ ಬಡಿಸಿದೆ. ಒಳಕೋಣೆಯ ಬಾಗಿಲು ಮುಚ್ಚಿದ್ದಾಗ ಬಳೆಯ ಸದ್ದು ಕೇಳುತ್ತಿತ್ತು. ಚಿಕ್ಕವಳಿಗೂ ಅದು ಕೇಳಿತು, ಅವಳು ಮುಖ ಬಿಳಿಚಿ ನನ್ನ ತಾಯಿಯ ಪಕ್ಕ ಹೋಗಿ ಕುಳಿತಳು. ನಾನು ಬಾಗಿಲಿಗೆ ಒರಗಿ ಕುಳಿತು ದೊಡ್ಡವಳಿಗೆ ಮನೆಯ ಸುದ್ದಿಯೆಲ್ಲ ಹೇಳಿದೆ: ದನ ಕರು ಹಾಕಿದ್ದು, ತಂಗಿಯ ಅತ್ತೆ ಜಿಪುಣಿ ಎಂಬುದು, ಅಪ್ಪನಿಗೆ ಮಂಡಿನೋವು. ಅಷ್ಟು ಸುಖವಾಗಿ ನಾನು ಯಾವ ಕಾಲದಲ್ಲೂ ಇದ್ದವಳಲ್ಲ.

ಸೋಣ ಹುಟ್ಟಿತು. ಚಿಕ್ಕವಳನ್ನು ಅವಳ ಗಂಡ ಬಂದು ಕರೆದೊಯ್ದ. ದೊಡ್ಡವಳನ್ನು ನಾನೇ ಕರೆದುಕೊಂಡು ಹೊರಟೆ, ಅದೇ ರೀತಿ ತಿರುಗದೆ, ಮಾತಾಡದೆ. ಬೀಗಿತ್ತಿಯ ಹೊಸಿಲಿಗೆ ಬಂದು, ಪಕ್ಕಕ್ಕೆ ಸರಿದು ದಾರಿ ಬಿಟ್ಟು, "ಇಕೊಳ್ಳಿ, ನಿಮ್ಮ ಸೊಸೆ" ಎಂದೆ.

ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತೇ ಇದ್ದರು.

"ಎಂತಾಯ್ತು?"

"ಅವಳು ಬರಲಿಲ್ಲ ನಿಮ್ಮ ಒಟ್ಟಿಗೆ" ಎಂದರು. "ಇಲ್ಲೇ ಇದ್ದಳು. ನೀವು ಹೋದ ದಿನವೇ ಕನಸಿಗೆ ಬಂದಳು. ಹೇಳಿ ಕಳಿಸಲಿಕ್ಕೆ ನನಗೆ ಮನಸ್ಸಾಗಲಿಲ್ಲ."

ಹಾಗಾದರೆ ನಮ್ಮ ಒಳಕೋಣೆಯಲ್ಲಿ ಬಳೆ ಅಲುಗಿದ್ದು ಯಾರದು? ಅದನ್ನು ಅವರಲ್ಲಿ ಕೇಳಲಿಲ್ಲ. ಜಗಲಿಯಲ್ಲಿ ಕುಳಿತೆ. ಅವರು ಸುಳ್ಳು ಹೇಳಬಹುದಿತ್ತು ಎಂದು ಸಿಟ್ಟು ಬಂತು.

"ಕನಸಿನಲ್ಲಿ ಎಂತ ಹೇಳಿದಳು?"

"ಬಂದವರು ಯಾರು ಅಂತ ಕೇಳಿದಳು."

"ನೀವೆಂತ ಹೇಳಿದಿರಿ?"

"ನಿನ್ನ ಅಮ್ಮ ಅಂದೆ."

"ಅದಕ್ಕೆ?"

"ಎಂತದೂ ಹೇಳಲಿಲ್ಲ. ತಲೆ ಬಾಚಿಕೊಳ್ತಾ ಇದ್ದಳು."

ಅವರೂ ಬಂದು ನನ್ನ ಪಕ್ಕ ಕುಳಿತರು. ಆಮೇಲೆ ನಾನು ಕೇಳಿದೆ, ಕೂದಲು ಎಷ್ಟು ಉದ್ದ ಉಂಟು ಎಂದು. ಬೀಗಿತ್ತಿ ಎದ್ದು ನಿಂತು, ಬೆನ್ನು ತಿರುಗಿಸಿ, ಸೊಂಟದ ಕೆಳಗೆ ಕೈಯಿಟ್ಟು ತೋರಿಸಿದರು.