ಬ್ರೇಕಪ್ಪ ಮೇಲಕ್ಕೆ ತಂದ ಕಲ್ಲು

ನನ್ನ ಮೈದುನನನ್ನು ಊರವರು ಬ್ರೇಕಪ್ಪ ಎಂದೇ ಕರೆಯುತ್ತಾರೆ. ಜೀಪು ಓಡಿಸುವವನು. ರಸ್ತೆಯಲ್ಲಿ ಕೋಳಿ ಅಡ್ಡ ಬಂದರೆ ಬ್ರೇಕು, ಬರಬಹುದೆಂಬ ಅನುಮಾನ ಬಂದರೂ ಬ್ರೇಕು. ಅವನ ಪಕ್ಕ ಕೂತರೆ ನನಗೆ ಮೈಯೆಲ್ಲ ಉರಿಯುತ್ತದೆ. “ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಮನೆ ಸೇರಿ ಒಂದು ನಿದ್ದೆ ಮುಗಿಸಿರ್ತಿದ್ದೆ ಮಾರಾಯ” ಎನ್ನುತ್ತೇನೆ. “ಸೇರೋದು ಮುಖ್ಯ ಅತ್ತಿಗೆ” ಎನ್ನುತ್ತಾನೆ. ಮೊದಲು ಹೀಗಿರಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಜೀಪು ಬಿಡುತ್ತಿದ್ದ ಪೋಕರಿ ಅವನು.

ನಮ್ಮದು ಟಾರು ರಸ್ತೆ ಮುಗಿಯುವ ಊರು. ಜೀಪು ನಿಲ್ಲುವಲ್ಲೇ ನನ್ನ ಚಹಾ ಅಂಗಡಿ: ತಗಡಿನ ಗೋಡೆ, ಎರಡು ಬೆಂಚು, ಹೊಗೆ ಹಿಡಿದ ಒಲೆ. ಬಹಳ ಹಿಂದೆ ಒಬ್ಬ ಕ್ರಾಂತಿಕಾರಿಯನ್ನು ಸೈನ್ಯ ಹಿಡಿದದ್ದು ನಮ್ಮ ಕೆಳಗಿನ ಕಣಿವೆಯಲ್ಲಿ. ಹೊಳೆ ಪಕ್ಕದ ಬಂಡೆಯಡಿ ಅವರನ್ನು ಕೈ ಕಟ್ಟಿ ಕೂರಿಸಿ, ಸಂಜೆ ಮೇಲಕ್ಕೆ ತಂದು, ನಮ್ಮ ಶಾಲೆಯ ಕೋಣೆಯಲ್ಲಿ ಗುಂಡಿಕ್ಕಿದರು. ಆ ಕೊನೆಯ ದಿನಗಳ ಜಾಡು ಹಿಡಿದು ಈಗಲೂ ಜನ ಬರುತ್ತಾರೆ, ಹೆಚ್ಚಿನವರು ಒಬ್ಬೊಬ್ಬರೇ, ಬೆನ್ನಿಗೊಂದು ಚೀಲ ಏರಿಸಿಕೊಂಡು.

ಆ ಬಂಡೆಯ ಹತ್ತಿರ ಯಾರೋ ನೆಟ್ಟ ಗುರುತಿನ ಕಲ್ಲಿತ್ತು. ಅಲ್ಲಿಗೆ ಇಳಿಯಬೇಕಾದರೆ ಪುಡಿಗಲ್ಲಿನ ಕಡಿದಾದ ಜಾರು ದಾಟಬೇಕು. ಕಾಲು ತಪ್ಪಿದ ಪ್ರವಾಸಿಗನೊಬ್ಬನನ್ನು ಹಿಡಿಯಲು ಹೋಗಿ ನನ್ನ ಗಂಡ ಅಲ್ಲೇ ಬಿದ್ದು ಸತ್ತರು. ಅಣ್ಣನ ಹೆಣವನ್ನು ಬೆನ್ನ ಮೇಲೆ ಹೊತ್ತು ತಂದವನು ಬ್ರೇಕಪ್ಪ. ಆಮೇಲೆ ಹಗ್ಗ ಹಾಕಿ ಆ ಕಲ್ಲನ್ನೂ ಮೇಲಕ್ಕೆಳೆದ. ರಸ್ತೆ ಪಕ್ಕದ ಇನ್ನೊಂದು ಬಂಡೆಯಡಿ ನೆಟ್ಟು, “ಹಿಡಿದದ್ದು ಇಲ್ಲೇ” ಎಂದು ತೋರಿಸತೊಡಗಿದ. ಬಂದವರು ಕಣ್ಣೊರೆಸಿಕೊಂಡರು, ಫೋಟೋ ತೆಗೆದುಕೊಂಡರು, ಕೈಕಾಲು ನೆಟ್ಟಗಿಟ್ಟುಕೊಂಡು ಮನೆ ಸೇರಿದರು. ಊರಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ನಾನಂತೂ ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಆ ಅಜ್ಜಿ ಬಂದದ್ದು ಮಧ್ಯಾಹ್ನವೇ ಮಂಜು ಇಳಿಯುವ ಕಾಲದಲ್ಲಿ. ಒಬ್ಬರೇ, ಕೈಯಲ್ಲೊಂದು ಕೋಲು. ಬ್ರೇಕಪ್ಪ ಕಲ್ಲು ತೋರಿಸಿದ. ಅವರು ಕಲ್ಲನ್ನು ನೋಡಲೇ ಇಲ್ಲ, ಕಿವಿಗೊಟ್ಟು ನಿಂತರು.

“ಇಲ್ಲಿ ಹೊಳೆ ಸದ್ದು ಕೇಳಲ್ವಲ್ಲಪ್ಪ.”

“ಗಾಳಿ ಆ ಕಡೆ ಬೀಸ್ತಿದೆ ಅಮ್ಮ” ಎಂದ ಇವನು, ನೆಲ ನೋಡಿಕೊಂಡು.

ಅಂಗಡಿಯಲ್ಲಿ ಕೂತಾಗ ನಾನು ಕೊಟ್ಟ ಚಹಾ ಅವರು ಮುಟ್ಟಲಿಲ್ಲ. ಚೀಲದಿಂದ ಒಂದು ನೀರಿನ ಬಾಟಲಿ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಮನೆಯಿಂದ ತಂದದ್ದಮ್ಮ. ಆ ಕ್ರಾಂತಿಕಾರಿಯನ್ನ ಹಿಡಿದ ದಿನ ಕಾವಲಿದ್ದ ಸಿಪಾಯಿ ನಮ್ಮ ಯಜಮಾನ್ರು. ಆಗಿನ್ನೂ ಚಿಕ್ಕ ವಯಸ್ಸು. ಕೈ ಕಟ್ಟಿದ್ದ ಮನುಷ್ಯ ಮತ್ತೆಮತ್ತೆ ನೀರು ಕೇಳಿದ್ರಂತೆ. ಪಕ್ಕದಲ್ಲೇ ಹೊಳೆ, ಇವರ ಸೊಂಟದಲ್ಲೇ ಬಾಟಲಿ. ಕೊಡಬಾರದು ಅಂತ ಮೇಲಿನವರ ಆರ್ಡರು. ಕೊಡಲಿಲ್ಲ. ಕೊನೆಗಾಲದಲ್ಲಿ ಜ್ವರ ಬಂದಾಗಲೂ ಅದೇ ಕನವರಿಕೆ. ಹೊಳೆ ಸದ್ದು ನಿಲ್ಲಿಸು, ಅವರಿಗೆ ನೀರು ಕೊಡು ಅಂತ. ಕೊಟ್ಟು ಬರ್ತೀನಿ ಅಂದೆ, ಆಮೇಲೆ ಕಣ್ಣು ಮುಚ್ಚಿದ್ರು. ಸರಿಯಾದ ಜಾಗದಲ್ಲಿ ಕೊಡದೆ ನಾನು ಮನೆಗೆ ಹೋಗೋದಾದ್ರೂ ಹೇಗೆ?”

ನನಗೆ ಕೂರಲಾಗಲಿಲ್ಲ. ಅಂಗಡಿಯ ಹಿಂದೆ ಟೈರು ಒದ್ದು ನೋಡುತ್ತಿದ್ದ ಮೈದುನನ ಬಳಿಗೆ ಹೋಗಿ, ಕೇಳಿದ್ದನ್ನೆಲ್ಲ ಹೇಳಿದೆ.

“ಅವರಿಗೆ ನಿಜ ಹೇಳಿಬಿಡೋ. ಕೆಳಗೆ ಹೋಗೋಕಾಗಲ್ಲ ಅನ್ನೋದನ್ನೂ ಹೇಳು.”

“ಹೇಳಿದ್ರೆ ಇಳಿದೇ ಇಳೀತಾರೆ. ಕೈ ಮುಗೀತೀನಿ, ಬೇಡ ಅತ್ತಿಗೆ. ಇನ್ನೊಂದು ಹೆಣ ಹೊರೋ ಶಕ್ತಿ ನನಗಿಲ್ಲ.”

“ಮಾತೆತ್ತಿದ್ರೆ ಹೆಣ! ಬಂಡೆ ಇರೋದು ಕಾಲುದಾರಿ ಕೊನೇಲಿ, ಹೊಳೆ ಪಕ್ಕ ಅಂತ ಹೇಳೋಕೆ ನಿನಗೇನು ಬಾಯಿ ಬಿದ್ದುಹೋಗಿದೆಯಾ?”

ನನ್ನ ಗಂಟಲು ಊರಿಗೇ ಗೊತ್ತು. ನಡುವೆ ಇದ್ದದ್ದು ಬರೀ ತಗಡು. ಇನ್ನೂ ಸ್ವಲ್ಪ ಹೊತ್ತು ಜಗಳವಾಡಿ ಒಳಗೆ ಬಂದು ನೋಡಿದರೆ ಬೆಂಚು ಖಾಲಿ, ಬಾಟಲಿಯೂ ಇಲ್ಲ, ಚಹಾ ಆರಿಹೋಗಿದೆ.

ಬ್ರೇಕಪ್ಪ ಜೀಪಿನ ಹಗ್ಗ ಕಿತ್ತುಕೊಂಡು ಓಡಿದ, ನಾನೂ ಹಿಂದೆಯೇ ಓಡಿದೆ. ಅವನು ಹಾಗೆ ಓಡಿದ್ದನ್ನು ನಾನು ಕಂಡು ವರ್ಷಗಳೇ ಆಗಿದ್ದವು. ಕಾಲುದಾರಿ ಮುಗಿಯುವಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಜಾರಿನ ತಲೆ ಮಾತ್ರ ಕಾಣುತ್ತಿತ್ತು. ಕೆಳಗಿನಿಂದ ಕಲ್ಲು ಉರುಳುವ ಸದ್ದು.

“ಅಮ್ಮಾ!”

“ಇಲ್ಲಿದೀನಪ್ಪ. ಕೋಲು ಬಿದ್ದುಹೋಯ್ತು. ಒಂದು ಪೊದೆ ಹಿಡ್ಕೊಂಡಿದೀನಿ.”

“ಅಲ್ಲಾಡಬೇಡಿ! ಮಾತೂ ಆಡಬೇಡಿ!”

ಹಗ್ಗದ ಒಂದು ತುದಿಯನ್ನು ಮರಕ್ಕೆ ಬಿಗಿದು ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡ. ಗಂಟು ನಾನೇ ಹಾಕಿಕೊಟ್ಟೆ. ಅವನ ಅಣ್ಣನೂ ಇಳಿದದ್ದು ಇದೇ ಜಾಗದಲ್ಲಿ. “ನಿಧಾನಕ್ಕೆ ಬಿಡಿ ಅತ್ತಿಗೆ” ಎಂದು ಇಳಿದ. ಹಗ್ಗವನ್ನು ಮರಕ್ಕೊಂದು ಸುತ್ತು ಸುತ್ತಿ ಇಷ್ಟಿಷ್ಟೇ ಬಿಟ್ಟೆ. ಬ್ರೇಕು ಈಗ ನನ್ನ ಕೈಯಲ್ಲಿತ್ತು. ದೇವರೇ, ಇವನೊಬ್ಬನನ್ನಾದರೂ ಉಳಿಸಪ್ಪಾ ಎಂದು ಬಾಯಿಬಿಟ್ಟೇ ಬೇಡಿಕೊಂಡೆ.

ಹಗ್ಗ ಒಮ್ಮೆ ಜಗ್ಗಿ ನಿಂತಿತು. ಕೆಳಗಿನಿಂದ ಕೂಗಿದ.

“ಸಿಕ್ಕಿದ್ರು! ಮೇಲೆ ಹತ್ತೋಕಾಗಲ್ಲ, ಹೆಜ್ಜೆ ಇಟ್ಟಲ್ಲೆಲ್ಲ ಕುಸೀತಿದೆ. ಬೆನ್ನ ಮೇಲೆ ಹೊತ್ಕೊಂಡು ಕೆಳಗೇ ಇಳೀತೀನಿ.”

“ಹಗ್ಗ ಸಾಲಲ್ವೋ!”

ನನ್ನ ಕೈಯಲ್ಲಿದ್ದ ಹಗ್ಗ ಇದ್ದಕ್ಕಿದ್ದಂತೆ ಸಡಿಲವಾಯಿತು. ಬಿಚ್ಚಿಕೊಂಡನೋ, ಬಿದ್ದನೋ? ಕಲ್ಲು ಉರುಳಿದವು, ನಿಂತವು, ಮತ್ತೆ ಉರುಳಿದವು. ಕಡೆಗೆ ಎಲ್ಲ ಸದ್ದೂ ಅಡಗಿ ಹೊಳೆಯ ಮೊರೆತವೊಂದೇ ಉಳಿಯಿತು. ನನ್ನಿಂದ ತಡೆಯಲಾಗಲಿಲ್ಲ. ಹಗ್ಗ ಹಿಡಿದು, ಅದು ಮುಗಿದ ಮೇಲೆ ಕೂತುಕೊಂಡೇ ಜಾರಿದೆ. ಬಟ್ಟೆ ಹರಿಯಿತು, ಅಂಗೈ ಸುಲಿಯಿತು.

ಇಬ್ಬರೂ ಬಂಡೆಯ ಕೆಳಗಿದ್ದರು, ಜೀವಂತವಾಗಿದ್ದರು. ನನಗೆ ಅಳುವೂ ಬಂತು, ಇಬ್ಬರಿಗೂ ನಾಲ್ಕು ಬಾರಿಸುವಷ್ಟು ಸಿಟ್ಟೂ ಬಂತು. ಕಲ್ಲು ಕಿತ್ತ ಗುಣಿ ಹಾಗೇ ಇತ್ತು. ಅಜ್ಜಿ ಅದರ ಮುಂದೆ ಕೂತು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಹೊಳೆ ಕಿವಿಯ ಪಕ್ಕದಲ್ಲೇ ಹರಿಯುತ್ತಿತ್ತು.

ಬ್ರೇಕಪ್ಪ ಬಂಡೆಗೆ ಒರಗಿ ಬಿದ್ದಿದ್ದ. ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ಎದುರಿಗಿದ್ದ ಹೊಳೆಗೆ ಹೋಗುವಷ್ಟೂ ಕಸುವಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದ.

“ಅಮ್ಮಾ, ಒಂದು ಗುಟುಕು ನೀರು.”

ಬಾಟಲಿ ಬಗ್ಗಿಸುತ್ತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ಅವನ ಮುಖವನ್ನು ತುಂಬ ಹೊತ್ತು ನೋಡಿದರು. ಅಂಬೆಗಾಲಿಟ್ಟುಕೊಂಡು ಅವನ ಹತ್ತಿರ ಹೋಗಿ, ತಲೆ ಎತ್ತಿ ಹಿಡಿದು, ಬಾಟಲಿಯನ್ನು ಬಾಯಿಗಿಟ್ಟರು. ಅವನು ಗಟಗಟನೆ ಕುಡಿದ, ಒಂದು ಹನಿ ಬಿಡಲಿಲ್ಲ. ಅದು ಯಾವ ನೀರೆಂದು ಹೊಳೆದದ್ದು ಆಮೇಲೆ.

“ಅಯ್ಯೋ ಅಮ್ಮಾ, ಎಂಥ ಕೆಲಸ ಮಾಡಿಬಿಟ್ಟೆ!” ಎಂದು ತಲೆ ಚಚ್ಚಿಕೊಳ್ಳಲು ಹೋದ.

ಅಜ್ಜಿ ಆ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಮಾತ್ರ ಹಗುರಾಗಿತ್ತು.

“ಇನ್ನೂ ಬೇಕೇನಪ್ಪ?” ಎಂದು ಕೇಳಿ, ಖಾಲಿ ಬಾಟಲಿ ಹಿಡಿದು ಹೊಳೆಯ ಕಡೆ ಎದ್ದರು.