ಅತ್ತಿಗುಪ್ಪೆಯ ಬಿಳಿ ಕಾರು

ಆಗೆಲ್ಲ ನಮ್ಮಂಥವರ ಮನೆಗೆ ಕಾರು ಅಂಗಡಿಯಿಂದ ಬರುತ್ತಿರಲಿಲ್ಲ, ಇನ್ನೊಬ್ಬರ ಮನೆಯಿಂದ ಬರುತ್ತಿತ್ತು. ಭಾನುವಾರದ ಪೇಪರಿನಲ್ಲಿ ಸಣ್ಣ ಅಕ್ಷರದ ಜಾಹೀರಾತು ಹುಡುಕಿ, ಮೂಲೆಯಂಗಡಿಯ ಬೂತಿನಿಂದ ಫೋನು ಮಾಡಿ, ಸ್ನಾನ ಮಾಡಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗುವುದು. ಹೆಣ್ಣು ನೋಡಲು ಹೋದಂತೆಯೇ. ಅವರು ಕೊಟ್ಟ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕಾರಿನ ಸುತ್ತ ಒಂದು ಸುತ್ತು ಹಾಕಿ, "ಮನೇಗ್ ಹೋಗಿ ತಿಳಿಸ್ತೀವಿ" ಅಂದು ಎದ್ದು ಬರುವುದು. ನಿಮ್ಮಲ್ಲಿ ಕೆಲವರಿಗಾದರೂ ಆ ಉಪ್ಪಿಟ್ಟಿನ ರುಚಿ ನೆನಪಿದ್ದೀತು.

ನಾನು ಮೂರನೇ ಕ್ಲಾಸು. ಅದೇ ಬೇಸಿಗೆಯಲ್ಲಿ ತಮ್ಮ ಹುಟ್ಟಿದ್ದ, ಅದೇ ಬೇಸಿಗೆಯಲ್ಲಿ ನಾವು ರಾಜಾಜಿನಗರದ ವಠಾರ ಬಿಟ್ಟು ಬಸವೇಶ್ವರನಗರದ ಒಂದು ಮಹಡಿ ಪೋರ್ಷನ್ನಿಗೆ ಬಂದಿದ್ದೆವು. ವಠಾರದಲ್ಲಿ ಒಂದು ಬಾಗಿಲು ತೆರೆದರೆ ನಾಲ್ಕು ಬಾಗಿಲಿನಿಂದ ಮಕ್ಕಳು ಹೊರಬರುತ್ತಿದ್ದರು. ಹೊಸ ಮನೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಆದರೆ ಮಕ್ಕಳಿರಲಿಲ್ಲ. ಕೆಳಗೆ ಮನೆ ಓನರ್ ಅಜ್ಜ ಅಜ್ಜಿ ಇಬ್ಬರೇ. ನಾನು ಸ್ವಲ್ಪ ಜೋರಾಗಿ ನಡೆದರೂ ಅಜ್ಜ ಮೆಟ್ಟಿಲ ಹತ್ತಿರ ಬಂದು, "ಏನಮ್ಮಾ, ಮೇಲೆ ರಾಗಿ ಬೀಸ್ತಾ ಇದೀರಾ?" ಅನ್ನುತ್ತಿದ್ದರು. ಅಮ್ಮನಿಗೆ ಹಗಲೂ ರಾತ್ರಿ ತಮ್ಮನದೇ ಧ್ಯಾನ. ಮನೆಯ ತುಂಬ ಬಜೆ ಮತ್ತು ಸಾಂಬ್ರಾಣಿ ಹೊಗೆಯ ವಾಸನೆ. ಸ್ಕೂಲಿನಿಂದ ಬಂದರೆ ನಾನು, ನನ್ನ ಬಳಪದ ಚೂರು, ಬಾಲ್ಕನಿ. ಕುಂಟೆಬಿಲ್ಲೆಯ ಮನೆ ಬರೆದು ಒಬ್ಬಳೇ ಎರಡೂ ಪಾಳಿ ಆಡುತ್ತಿದ್ದೆ, ಅದೂ ಕುಪ್ಪಳಿಸದೆ, ಮೆಲ್ಲಗೆ ಹೆಜ್ಜೆಯಿಟ್ಟು.

ಕಾರಿನ ಮಾತು ಶುರುವಾದದ್ದು ಸ್ಕೂಟರಿನಿಂದ. ನಾನು ಮುಂದೆ ನಿಂತು, ಅಮ್ಮ ಹಿಂದೆ ತಮ್ಮನನ್ನು ಎತ್ತಿಕೊಂಡು ಕೂತು, ನಾಲ್ವರೂ ಹೋಗುವಾಗ ಒಂದು ಸಂಜೆ ಮಾಗಡಿ ರೋಡಿನಲ್ಲಿ ಮಳೆ ಹಿಡಿಯಿತು. ತಮ್ಮನಿಗೆ ನೆಗಡಿಯಾಗಿ ಎದೆ ಗೊರಗೊರ ಅನ್ನತೊಡಗಿತು. ಅಮ್ಮ ತಣ್ಣಗೆ, "ಇನ್ಮೇಲೆ ನಾನು ಮಗೂನ್ ಎತ್ಕೊಂಡು ಈ ಸ್ಕೂಟರ್ ಹತ್ತಲ್ಲ. ನೀವುಂಟು ಅದುಂಟು" ಅಂದುಬಿಟ್ಟಳು. ಅಪ್ಪ ಹೆಚ್ಚು ಮಾತಾಡುವವರಲ್ಲ. ಮುಂದಿನ ಭಾನುವಾರ ಕೈಯಲ್ಲಿ ಪೆನ್ನು ಹಿಡಿದು ಪೇಪರ್ ಬಿಚ್ಚಿದರು.

ಕಾರು ನೋಡಲು ನಮ್ಮ ಜೊತೆ ಅಪ್ಪನ ಆಫೀಸಿನ ರಾಮಣ್ಣ ಅಂಕಲ್ ಬರುತ್ತಿದ್ದರು. ಅವರ ಅರ್ಹತೆ ಏನೆಂದರೆ, ಹಿಂದೆ ಯಾವಾಗಲೋ ಅವರ ಮಾವನ ಹತ್ತಿರ ಒಂದು ಕಾರಿತ್ತು. ಬಾನೆಟ್ಟಿನ ಮೇಲೆ ಹಲಸಿನ ಹಣ್ಣು ತಟ್ಟಿದ ಹಾಗೆ ತಟ್ಟಿ, ಕಿವಿಗೊಟ್ಟು ಕೇಳಿ, ಎಂಥ ಕಾರಾದರೂ ಸರಿ, "ಪಿಕಪ್ ಸಾಲ್ದು ಸಾರ್" ಅನ್ನುತ್ತಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ ಕೂತು, ಕಾಲು ಚಾಚಿ, ಮಗುವನ್ನು ಮಲಗಿಸಲು ಜಾಗ ಸಾಲುತ್ತದೆಯೇ ನೋಡುತ್ತಿದ್ದಳು. ಆಮೇಲೆ ನಂಬರ್ ಪ್ಲೇಟಿನ ಮುಂದೆ ನಿಂತು ಬೆರಳು ಮಡಚಿ ಕೂಡುತ್ತಿದ್ದಳು. ಎಂಟು ಬಂದರೆ ಮುಗಿಯಿತು, ಆ ಕಾರು ಬಂಗಾರದ್ದಾದರೂ ಬೇಡ.

ನಾನು ನೋಡುತ್ತಿದ್ದದ್ದೇ ಬೇರೆ. ಆ ಮನೆಯ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು. ಸಣ್ಣ ಚಪ್ಪಲಿ ಇದ್ದರೆ ಎದೆ ಢವಢವ. ದೊಡ್ಡವರು ಟೈರಿನ ಸವೆತ ಮಾತಾಡುವಷ್ಟು ಹೊತ್ತು ನನಗೆ ಒಬ್ಬ ಗೆಳತಿಯೋ ಗೆಳೆಯನೋ ಸಿಗುತ್ತಿದ್ದರು. ವಿಜಯನಗರದ ಒಂದು ಮನೆಯಲ್ಲಿ ಕೇರಂ ಬೋರ್ಡಿನ ಹುಡುಗ, ಶ್ರೀಗಂಧದ ಕಾವಲಿನಲ್ಲಿ ಕರುವಿನ ಹಗ್ಗ ಹಿಡಿದ ಅಕ್ಕತಂಗಿಯರು. ಅವರ ಜೊತೆ ಆಟ ಕುದುರುವ ಹೊತ್ತಿಗೆ ಸರಿಯಾಗಿ ರಾಮಣ್ಣ ಅಂಕಲ್ ಪಿಕಪ್ ಸಾಲದೆಂದು ಹೇಳಿ ಮುಗಿಸಿರುತ್ತಿದ್ದರು. ಕೆಂಗೇರಿಯಲ್ಲಿ ಒಬ್ಬ ತಾತ ಮಾತ್ರ ಇದ್ದರು. ನಾನು ಅವರ ಮನೆಯ ಮೀನಿನ ತೊಟ್ಟಿಯ ಮುಂದೆ ಕೂತಿದ್ದು ಬಂದೆ. ವಾರವಿಡೀ ನಾನು ಭಾನುವಾರಕ್ಕಾಗಿ ಕಾಯುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಮಳೆಗಾಲದ ಒಂದು ಭಾನುವಾರ ಅಪ್ಪ ಪೇಪರಿನಿಂದ ತಲೆಯೆತ್ತಿ, "ಅತ್ತಿಗುಪ್ಪೆ. ಸಿಂಗಲ್ ಹ್ಯಾಂಡ್ ಗಾಡಿಯಂತೆ ಕಣೇ, ನೋಡೋಣ" ಅಂದರು. ಒಬ್ಬರೇ ಇಟ್ಟುಕೊಂಡು ಒಬ್ಬರೇ ಓಡಿಸಿದ್ದು ಎಂದು ಅದರ ಅರ್ಥ. ನನಗೇನು ಗೊತ್ತು. ದಾರಿಯುದ್ದಕ್ಕೂ, ಪಾಪ, ಒಂದೇ ಕೈಯಲ್ಲಿ ಗೇರು ಹೇಗೆ ಹಾಕುತ್ತಾರೆ, ಹಾರ್ನ್ ಯಾವುದರಲ್ಲಿ ಹೊಡೆಯುತ್ತಾರೆ ಎಂದು ಯೋಚಿಸುತ್ತ ಹೋದೆ. ಬಾಗಿಲಲ್ಲಿ ನೀಲಿ ಬಣ್ಣದ ಸಣ್ಣ ಚಪ್ಪಲಿಗಳಿದ್ದವು. ಒಳಗಿಂದ ಬಂದ ದೊಡ್ಡ ಮೀಸೆಯ ಮನುಷ್ಯ ಎರಡೂ ಕೈ ಜೋಡಿಸಿ, "ಬರ್ರಿ ಬರ್ರಿ, ಒಳಗ ಬರ್ರಿ" ಅಂದರು. ನಾನು ಆ ಎರಡು ಕೈಗಳನ್ನೇ ನೋಡುತ್ತ ನಿಂತೆ.

ಅವರ ಮಗಳು ಗೌರಿ. ನನ್ನದೇ ವಯಸ್ಸು, ಎರಡು ಬಿಗಿ ಜಡೆ, ಮುಂದಿನ ಒಂದು ಹಲ್ಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು, "ನಿಮ್ಮಪ್ಪ ಒಂದೇ ಕೈಲಿ ಓಡಿಸ್ತಾರಾ?" ಎಂದು ಕೇಳಿದೆ.

"ಯಾಕ?"

"ಪೇಪರಲ್ಲಿ ಬಂದಿದೆ."

ಅವಳು ಒಂದು ಗಳಿಗೆ ಯೋಚಿಸಿ, ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗೋಡಿ ಎಲ್ಲರಿಗೂ ಹೇಳಿದಳು. ನಮ್ಮ ಅಪ್ಪ ನಕ್ಕದ್ದನ್ನು ಎಷ್ಟೋ ದಿನದ ಮೇಲೆ ನೋಡಿದೆ. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅವಳು ನನ್ನ ಕೈ ಹಿಡಿದು ಕಾರಿನೊಳಗೆ ಕರೆದುಕೊಂಡು ಹೋದಳು.

ಬಿಳಿ ಬಣ್ಣದ ಸಣ್ಣ ಕಾರು. ಒಳಗೆ ರೆಕ್ಸಿನ್ನು, ಊದುಬತ್ತಿ, ಶೇಂಗಾ ಸಿಪ್ಪೆ ಎಲ್ಲ ಸೇರಿದ ಒಂದು ವಾಸನೆ. ಹಿಂದಿನ ಸೀಟಿನ ಎಡಗಡೆ ಕಿಟಕಿ ಗೌರಿಯದು. ಆ ಗಾಜಿನ ಕೆಳಗಡೆ ಸಾಲಾಗಿ ಹಣೆಗೆ ಇಡುವ ಸ್ಟಿಕ್ಕರುಗಳನ್ನು ಅಂಟಿಸಿದ್ದಳು, ಕೆಂಪು, ಮೆರೂನು, ಒಂದೆರಡು ಹಸಿರು. ಅವರ ಕಡೆ ಅದಕ್ಕೆ ಟಿಕಳಿ ಅನ್ನುತ್ತಾರೆ, ಅಜ್ಜಿಗೆ ಆಯಿ.

"ಈ ಟಿಕಳಿ ಎಲ್ಲಾ ನಮ್ಮ ಪ್ಯಾಸೆಂಜರ್" ಅಂದಳು. "ಇಕಿ ನಮ್ಮವ್ವ. ಇಕಿ ಆಯಿ. ಇಕಿ ನಮ್ಮ ಸಾಲಿ ಟೀಚರ್, ಇಕಿಗೆ ಟಿಕೆಟ್ ಕೊಡಂಗಿಲ್ಲ."

ಹೊರಗೆ ಜಿಟಿಜಿಟಿ ಮಳೆ. ಅವಳು ಡ್ರೈವರ್, ನಾನು ಕಂಡಕ್ಟರ್. ನಿಂತ ಕಾರಿನಲ್ಲಿ ನಾವು ಹುಬ್ಬಳ್ಳಿಗೆ ಹೋದೆವು, ಮೈಸೂರಿಗೆ ಹೋದೆವು. ಅವಳ ಅಮ್ಮ ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿ ಕಾರಿಗೇ ತಂದುಕೊಟ್ಟರು. ನಮ್ಮ ಮನೆಯಲ್ಲಿ ಅದಕ್ಕೆ ಪುರಿ ಅನ್ನುತ್ತೇವೆ ಎಂದಾಗ ಗೌರಿ ಮತ್ತೆ ನಕ್ಕಳು. ಅವಳಿಗೆ ನಾನು ಹೇಳುವುದೆಲ್ಲ ತಮಾಷೆಯಾಗಿ ಕೇಳುತ್ತಿತ್ತು. ಹಾಗೆ ಯಾರಾದರೂ ನನ್ನ ಮಾತು ಕೇಳಿ ಬಹಳ ದಿನವಾಗಿತ್ತು.

ನಂಬರು ಕೂಡಿದರೆ ಆರು ಬಂತು. ಅಮ್ಮನ ಕಾಲು ಹಿಂದೆ ಸಲೀಸಾಗಿ ಚಾಚಿತು. ರಾಮಣ್ಣ ಅಂಕಲ್ ಕೂಡ, "ಪಿಕಪ್ ಪರವಾಗಿಲ್ಲ ಸಾರ್" ಅಂದರು. ಆದರೂ ನಮ್ಮ ಪುಣ್ಯಕ್ಕೆ ಒಂದೇ ಸಲಕ್ಕೆ ಮುಗಿಯಲಿಲ್ಲ. ಓಡಿಸಿ ನೋಡಲು ಒಂದು ಭಾನುವಾರ, ಚೌಕಾಸಿಗೆ ಒಂದು, ಪೇಪರುಗಳಿಗೆ ಇನ್ನೊಂದು. ಗೌರಿಯ ಅಪ್ಪನಿಗೆ ಆಫೀಸಿನಿಂದ ಜೀಪು ಕೊಟ್ಟಿದ್ದರಿಂದ ಅವರಿಗೆ ಅವಸರವಿರಲಿಲ್ಲ. ಅಪ್ಪನಿಗಂತೂ ಯಾವ ವಿಷಯಕ್ಕೂ ಅವಸರವಿಲ್ಲ. ನನಗೆ ಅಪ್ಪನ ಈ ಗುಣದ ಮೇಲೆ ಪ್ರೀತಿ ಬಂದದ್ದು ಆಗ.

ಕಾರನ್ನು ಮನೆಗೆ ತರುವ ದಿನ ಗೌರಿಯ ಅಮ್ಮ ಅದಕ್ಕೆ ಕುಂಕುಮ ಹಚ್ಚಿ, ಟೈರಿನ ಕೆಳಗೆ ನಿಂಬೆಹಣ್ಣಿಟ್ಟರು. ಅವರ ಕಣ್ಣು ತುಂಬಿತ್ತು. ಗೌರಿ ಎಡಗಡೆ ಕಿಟಕಿಯ ಸಾಲಿನ ಕೊನೆಗೆ ಹೊಸ ಕೆಂಪು ಟಿಕಳಿಯೊಂದನ್ನು ಒತ್ತಿ ಅಂಟಿಸಿ, "ಇಕಿ ನೀನು" ಅಂದಳು. ನಾನು ಅಳಲಿಲ್ಲ. ಯಾಕೆ ಅಳಲಿ? ಅಮ್ಮ, "ಹೋಗಿ ಬರ್ತೀವಿ" ಅಂದಳು. ಗೌರಿಯ ಅಮ್ಮ, "ಹೋಗಿ ಬರ್ರಿ. ಬರಕೋತ ಇರ್ರಿ, ಇದೂ ನಿಮ್ಮ ಮನಿನ" ಅಂದರು. ಹೋಗಿ, ಬರುವುದು. ಮೊದಲಾದರೆ ಬಸ್ಸು ಬೇಕಿತ್ತು, ಈಗ ಕಾರೇ ಇದೆಯಲ್ಲ. ಬಸವೇಶ್ವರನಗರಕ್ಕೂ ಅತ್ತಿಗುಪ್ಪೆಗೂ ಏನು ಮಹಾ ದೂರ!

ಕಾರು ಬಂತು. ನಾವು ದೇವಸ್ಥಾನಕ್ಕೆ ಹೋದೆವು, ಡಾಕ್ಟರ ಹತ್ತಿರ ಹೋದೆವು, ಹಿಂದೆ ಯಾವತ್ತೂ ಹೋಗದಿದ್ದ ನೆಂಟರ ಮನೆಗೆಲ್ಲ ಹೋದೆವು. ಪ್ರತಿ ಭಾನುವಾರ ನಾನು ಚಪ್ಪಲಿ ಹಾಕಿಕೊಂಡು, "ಗೌರಿ ಮನೆಗೆ?" ಅನ್ನುತ್ತಿದ್ದೆ. ಕೊನೆಗೊಂದು ದಿನ ಅಪ್ಪ ಬಿಡಿಸಿ ಹೇಳಿದರು.

"ಗಾಡಿ ತಗೊಂಡ್ಮೇಲೆ ಮಾರಿದೋರ ಮನೆಗೆ ಹೋಗ್ಬಾರ್ದು ಕಣೇ."

"ಯಾಕಪ್ಪಾ?"

"ಏನೋ ಕಂಪ್ಲೇಂಟ್ ತಗೊಂಡ್ ಬಂದ್ರು ಅನ್ಕೋತಾರೆ."

"ಇಲ್ಲ ಅಂತ ಹೇಳೋಣ."

"ಹೇಳಿದ್ರೆ ನಂಬಲ್ಲ."

ಮತ್ತೆ ಬಾಲ್ಕನಿ, ಮತ್ತೆ ಬಳಪ. ಈಗ ಭಾನುವಾರಗಳೂ ಹೋಗಿದ್ದವು. ಸಂಜೆ ಹೊತ್ತು ಅಪ್ಪನಿಂದ ಕೀ ಇಸಿದುಕೊಂಡು ಕೆಳಗೆ ನಿಂತ ಕಾರಿನಲ್ಲಿ ಎಡಗಡೆ ಕಿಟಕಿಯ ಪಕ್ಕ ಕೂರುತ್ತಿದ್ದೆ. ಶೇಂಗಾ ವಾಸನೆ ದಿನದಿನಕ್ಕೆ ಕಡಿಮೆಯಾಗಿ ಬಜೆಯ ವಾಸನೆ ಸೇರಿಕೊಳ್ಳುತ್ತಿತ್ತು. ನಾನು ಟಿಕಳಿಗಳಿಗೆ ಟಿಕೆಟ್ ಕೊಡುತ್ತಿದ್ದೆ. ಸಾಲಿನಲ್ಲಿ ನಾನೂ ಇದ್ದೆ, ಗೌರಿಯ ಅವ್ವ, ಆಯಿ, ಟೀಚರ್ ಎಲ್ಲ ಇದ್ದರು. ಗೌರಿ ಮಾತ್ರ ತನ್ನನ್ನು ಅಂಟಿಸಿಕೊಂಡಿರಲಿಲ್ಲ, ಅವಳು ಡ್ರೈವರ್ ಅಲ್ಲವೇ.

ಆಯುಧಪೂಜೆಯ ದಿನ ಬೆಳಿಗ್ಗೆ ಅಪ್ಪ ಪಂಚೆ ಎತ್ತಿಕಟ್ಟಿ ಕಾರು ತೊಳೆದರು. ಒಳಗೆ ಬಗ್ಗಿ, ಬ್ಲೇಡು ತೆಗೆದು ಕಿಟಕಿಯ ಸ್ಟಿಕ್ಕರುಗಳನ್ನು ಕೆರೆಯಲು ಶುರು ಮಾಡಿದರು. ಒಂದು ಹಸಿರು ಬಿತ್ತು. ನಾನು ಕಿರುಚಿಕೊಂಡು ಅತ್ತ ಅಳುವಿಗೆ ಓನರ್ ಅಜ್ಜನೇ ಹೆದರಿ ಹೊರಗೆ ಬಂದರು. ಅಪ್ಪ ಬ್ಲೇಡು ಹಿಡಿದುಕೊಂಡೇ ನನ್ನನ್ನು ನೋಡಿದರು. ಆ ಮಳೆಗಾಲದಲ್ಲಿ ಅವರು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲೇನೋ. "ಸರಿ. ಹಬ್ಬ ಅಲ್ವಾ, ಕಡ್ಲೆಪುರಿ ಕೊಟ್ಟು ಬರೋಣ. ಹಬ್ಬದ ದಿನ ಹೋದ್ರೆ ಯಾರೂ ತಪ್ಪು ತಿಳಿಯಲ್ಲ" ಅಂದರು.

ಪೂಜೆಯಾಯಿತು. ಅಮ್ಮ ಸ್ಟೀಲಿನ ಡಬ್ಬಿಯಲ್ಲಿ ಕಡಲೆಪುರಿ, ಕೊಬ್ಬರಿ ಚೂರು, ಬೆಲ್ಲ ತುಂಬಿ ಕೊಟ್ಟಳು. ಚೆಂಡುಹೂವಿನ ಹಾರ ಹಾಕಿಕೊಂಡ ಕಾರಿನಲ್ಲಿ ನಾನು, ಅಪ್ಪ ಅತ್ತಿಗುಪ್ಪೆಯ ಆ ಬೀದಿಗೆ ತಿರುಗಿದೆವು. ಬಾಲ್ಕನಿಯಲ್ಲಿ ಗೌರಿಯ ಅಪ್ಪ ನಿಂತಿದ್ದರು. ತಮ್ಮದೇ ಕಾರಿನ ಸದ್ದು ಯಾರಿಗೆ ತಿಳಿಯುವುದಿಲ್ಲ? ಕೆಳಗೆ ನೋಡಿದರು. ನಾನು ಕೈ ಬೀಸಿದೆ. ಅವರು ಒಳಗೆ ಹೋದರು. ಬಾಗಿಲು ತೆಗೆಯಲು ಇಳಿದು ಬರುತ್ತಿದ್ದಾರೆ ಎಂದುಕೊಂಡೆ.

ಬಾಗಿಲು ತೆಗೆದದ್ದು ಗೌರಿಯ ಅಮ್ಮ, ಅದೂ ಅರ್ಧ. "ಅವ್ರು ಊರಾಗಿಲ್ರಿ" ಅಂದರು, ನಾವು ಬಾಯಿ ತೆರೆಯುವ ಮೊದಲೇ.

ಅಪ್ಪನಿಗೆ ಮಾತು ತೊದಲಿತು. "ಇಲ್ಲ ಇಲ್ಲ, ಗಾಡಿ ಚೆನ್ನಾಗಿದೆ. ಏನೂ ತೊಂದ್ರೆ ಇಲ್ಲ. ಸುಮ್ನೆ ಬಂದ್ವಿ."

"ಕೊಡೋ ಮುಂದ ಎಲ್ಲಾ ತೋರ್ಸೇವ್ರಿ. ನೀವೂ ಓಡ್ಸಿ ನೋಡೀರಿ."

"ಅಯ್ಯೋ, ಹೌದಮ್ಮ. ಮಗು ನಿಮ್ಮ ಗೌರೀನ ನೋಡ್ಬೇಕು ಅಂತು..."

"ಗೌರಿ ಟ್ಯೂಷನ್‌ಗೆ ಹೋಗ್ಯಾಳ್ರಿ."

ಆಯುಧಪೂಜೆಯ ದಿನ ಟ್ಯೂಷನ್. ನಾನು ತಲೆ ತಗ್ಗಿಸಿದೆ. ಬಾಗಿಲ ಪಕ್ಕದಲ್ಲಿ ನೀಲಿ ಚಪ್ಪಲಿಗಳು ಜೋಡಿಯಾಗಿ ಕೂತಿದ್ದವು. ಒಳಗೆಲ್ಲೋ ಒಂದು ಕುರ್ಚಿ ಸರಿದ ಸದ್ದಾಯಿತು.

ಅವರು ಡಬ್ಬಿ ತೆಗೆದುಕೊಂಡು ಒಳಗೆ ಹೋಗಿ, ಪುರಿ ಸುರಿದುಕೊಂಡು, ತೊಳೆದು, ವಾಪಸು ತಂದರು. ಖಾಲಿ ಕೊಡಲಿಲ್ಲ, ತಳದಲ್ಲಿ ಒಂದು ಹಿಡಿ ಸಕ್ಕರೆ ಇತ್ತು. ಡಬ್ಬಿ ಕೊಡುವಾಗ ಅವರ ಕೈ ನನ್ನ ತಲೆಯ ತನಕ ಬಂದು, ಹಿಂದಕ್ಕೆ ಹೋಯಿತು. "ಹೋಗಿ ಬರ್ರಿ" ಅಂದು ಬಾಗಿಲು ಹಾಕಿಕೊಂಡರು.

ಅಪ್ಪ ಕಾರು ಸ್ಟಾರ್ಟ್ ಮಾಡಿದರು. "ಹೇಳಿದ್ನಲ್ಲ ಮಗಳೇ" ಅಂದರು, ಅಷ್ಟೇ. ಮನೆಗೆ ಬಂದ ಮೇಲೆ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಎಸೆದರು. ಉಳಿದ ಟಿಕಳಿಗಳು ಹಾಗೇ ಇದ್ದವು. ಬಿಸಿಲಿಗೆ ಬಣ್ಣ ಹೋಗಿ, ಒಂದೊಂದಾಗಿ ತಾವೇ ಉದುರಿದವು. ಗೌರಿಯನ್ನು ನಾನು ಮತ್ತೆ ನೋಡಲಿಲ್ಲ. ಆಮೇಲೆ ಕೇಳಿದರೆ ಅಪ್ಪ ಕರೆದುಕೊಂಡು ಹೋಗುತ್ತಿದ್ದರೋ ಏನೋ, ನಾನೇ ಕೇಳಲಿಲ್ಲ.

ಈಗ ನಾನು, ನನ್ನ ಗಂಡ, ಏಳು ವರ್ಷದ ಮಗಳು ನಾಗರಬಾವಿಯ ಫ್ಲ್ಯಾಟಿನಲ್ಲಿದ್ದೇವೆ. ಮೊನ್ನೆ ನಾವೂ ಒಂದು ಹಳೆಯ ಕಾರು ಕೊಂಡೆವು. ಎಲ್ಲ ಫೋನಿನಲ್ಲೇ. ಫೋಟೋಗಳನ್ನು ಬೆರಳಿನಲ್ಲಿ ಸರಿಸಿ, ನಮ್ಮ ಯೋಗ್ಯತೆಗೆ ತಕ್ಕದ್ದನ್ನು ಒತ್ತಿದೆವು. ಯಾರ ಮನೆಗೂ ಹೋಗಲಿಲ್ಲ, ಯಾರೂ ಉಪ್ಪಿಟ್ಟು ಕೊಡಲಿಲ್ಲ. ಕಂಪನಿಯವರು ಕಾರು ತಂದು ಗೇಟಿನಲ್ಲಿ ನಿಲ್ಲಿಸಿ, ಒಂದು ಫೋಟೋ ಹೊಡೆದುಕೊಂಡು ಹೋದರು. ಅನುಕೂಲವೇ, ಇಲ್ಲ ಅನ್ನುವುದಿಲ್ಲ. ನಂಬರು ಕೂಡಿದ್ದು ಅಮ್ಮ ಮಾತ್ರ, ಅದೂ ವೀಡಿಯೋ ಕಾಲಿನಲ್ಲಿ.

ಮಗಳು ಹಿಂದಿನ ಸೀಟಿನಲ್ಲಿ ಎಡಗಡೆ ಹೋಗಿ ಕೂತಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ಅಮ್ಮಾ, ಇದು ಮುಂಚೆ ಯಾರ ಕಾರು?"

"ಗೊತ್ತಿಲ್ಲ ಪುಟ್ಟಿ."

"ಅವ್ರ ಮನೇಲಿ ಮಕ್ಕಳಿದಾರಾ?"

"ಗೊತ್ತಿಲ್ಲ."

"ಇದ್ರೆ ಒಂದ್ಸಲ ಹೋಗೋಣ್ವಾ?"

ಕಂಪ್ಲೇಂಟ್ ತಗೊಂಡ್ ಬಂದ್ರು ಅನ್ಕೋತಾರೆ ಕಣೇ. ಅಪ್ಪನ ಆ ಮಾತು ಬಾಯಿಯ ತನಕ ಬಂದು ನಿಂತುಬಿಟ್ಟಿತು. ನಮ್ಮನ್ನು ತಪ್ಪು ತಿಳಿಯುವುದಕ್ಕಾದರೂ ಒಂದು ಮನೆ ಬೇಕಲ್ಲ. ಅರ್ಧ ತೆರೆಯುವ ಬಾಗಿಲು, ಹೊರಗೆ ಸಣ್ಣ ಚಪ್ಪಲಿ, ಹೆದರಿಕೆಯ ನಡುವೆಯೂ ಡಬ್ಬಿಗೆ ಸಕ್ಕರೆ ಹಾಕಿ ಹೋಗಿ ಬರ್ರಿ ಅನ್ನುವ ಒಬ್ಬರು. ಅಷ್ಟು ನೋವು ಮಾಡಿದ ಆ ಬಾಗಿಲನ್ನು ನಾನು ಹೀಗೆ ಹಂಬಲಿಸುತ್ತೇನೆ ಎಂದು ಯಾವತ್ತೂ ಎಣಿಸಿರಲಿಲ್ಲ.

ಮಗಳು ಕಿಟಕಿಯ ಕಡೆ ತಿರುಗಿದಳು. ಗಾಜಿನ ಕೆಳಗಡೆ, ಅವಳ ಕಣ್ಣಿನ ಮಟ್ಟದಲ್ಲಿ, ಬೆರಳಾಡಿಸಿ ನೋಡಿದಳು. ಕಂಪನಿಯವರು ಚೆನ್ನಾಗಿ ಒರೆಸಿದ್ದರು. ಏನೂ ಇರಲಿಲ್ಲ.